ಕಿಂಡಿಯ ಹಗ್ಗ

ಹಣ್ಣು ಒಣಗಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಎಲ್ಲರಿಗೂ ಅವಳು ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದ ಲಾರಿ ಡ್ರೈವರನಿಗೂ ಅಕ್ಕ, ಸಂಬಳ ಕೊಡುವ ಯಜಮಾನರಿಗೂ ಅಕ್ಕ. ಒಮ್ಮೆ ಯಜಮಾನರ ತಾಯಿ ಕೋಲೂರಿಕೊಂಡು ಕಾರ್ಖಾನೆ ನೋಡಲು ಬಂದವರು, "ಏನಕ್ಕಾ, ಚೆನ್ನಾಗಿದ್ದೀಯಾ?" ಎಂದುಬಿಟ್ಟರು. ಅವತ್ತು ಮಾತ್ರ ಅವಳು, "ನೀವೂ ಅಕ್ಕ ಅಂದ್ರೆ ನಾನು ಇನ್ಯಾರಿಗೆ ತಂಗಿ ಆಗ್ಲಿ ಅಮ್ಮಾ?" ಎಂದು ನಕ್ಕಿದ್ದಳು.

ಅವಳ ಕೆಲಸ ಒಣಗುಮನೆಯದು. ಉದ್ದನೆಯ ಇಟ್ಟಿಗೆ ಕಟ್ಟಡ, ಒಂದರ ಪಕ್ಕ ಒಂದರಂತೆ ಕೋಣೆಗಳು. ಕೋಣೆಯೊಳಗೆ ನೆಲದಿಂದ ಮಾಡಿನವರೆಗೆ ಜಾಲರಿಯ ಟ್ರೇಗಳು. ಟ್ರೇಗಳ ಮೇಲೆ ಸೀಳಿದ ಅಂಜೂರ, ಬಿಲ್ಲೆ ಬಿಲ್ಲೆಯಾಗಿ ಕೊಯ್ದ ಸೇಬು. ಕಟ್ಟಡದ ಹಿಂದುಗಡೆ ಭಟ್ಟಿ. ಅಲ್ಲಿ ಸೌದೆ ಉರಿದರೆ ಬಿಸಿ ಗಾಳಿ ನೆಲದಡಿಯ ಕಾಲುವೆಗಳಲ್ಲಿ ಹರಿದು ಬಂದು ಕೋಣೆಗಳನ್ನು ಕಾಯಿಸುತ್ತದೆ. ಕಾದ ಹಣ್ಣು ನೀರು ಬಿಡುತ್ತದೆ. ಆ ನೀರು ಆವಿಯಾಗಿ ಕೋಣೆಯಲ್ಲೇ ತುಂಬಿಕೊಂಡರೆ ಹಣ್ಣು ಒಣಗುವುದಿಲ್ಲ, ಬೆಂದುಹೋಗುತ್ತದೆ. ಅದಕ್ಕೆಂದೇ ಪ್ರತಿ ಕೋಣೆಯ ಮಾಡಿನಲ್ಲೂ ಮರದ ಮುಚ್ಚಳದ ಒಂದು ಕಿಂಡಿ. ಮುಚ್ಚಳಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲಿಂದ ಇಳಿದು ಹೊರಗೆ, ಬಾಗಿಲ ಪಕ್ಕದಲ್ಲಿ ನೇತಾಡುತ್ತಿತ್ತು. ಹಗ್ಗ ಎಳೆದರೆ ಮುಚ್ಚಳ ಎದ್ದು ಹಸಿ ಆವಿ ಆಚೆ ಹೋಗುತ್ತದೆ. ಕೈಬಿಟ್ಟರೆ ಮುಚ್ಚಳ ತನ್ನ ಭಾರಕ್ಕೆ ತಾನೇ ಕೂತುಕೊಳ್ಳುತ್ತದೆ.

ಯಾವಾಗ ಎಳೆಯಬೇಕು, ಎಷ್ಟು ಹೊತ್ತು ಹಿಡಿದಿರಬೇಕು ಎನ್ನುವುದನ್ನು ಅಕ್ಕ ಯಾವ ಮೀಟರಿನಲ್ಲೂ ನೋಡಿದವಳಲ್ಲ. ಬಾಗಿಲ ಸಂದಿಗೆ ಕೆನ್ನೆ ಕೊಡುತ್ತಿದ್ದಳು. ಸಂದಿಯಿಂದ ಬರುವ ಗಾಳಿ ಕೆನ್ನೆಗೆ ಒದ್ದೆ ಬಟ್ಟೆಯ ಹಾಗೆ ಅಂಟಿದರೆ, "ಉಸಿರು ಕಟ್ಟಿದೆ ಪಾಪ" ಎಂದು ಹಗ್ಗ ಎಳೆಯುವಳು. ಬೆಳಗಿನಿಂದ ಸಂಜೆವರೆಗೆ ಆ ಕೋಣೆಗಳ ಸಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುವುದು, ಹಗ್ಗ ಹಗ್ಗಕ್ಕೂ ಕೈ ಹಾಕುವುದು. ವರ್ಷಗಟ್ಟಲೆ ಮಾಡಿದ ಮೇಲೆ ಅದು ಕೆಲಸವಾಗಿ ಉಳಿಯಲಿಲ್ಲ, ರೆಪ್ಪೆ ಬಡಿದಷ್ಟೇ ಸಲೀಸಾಗಿಹೋಯಿತು. ಪಕ್ಕದವರ ಜೊತೆ ಮಾತಾಡುತ್ತಲೇ ಎಳೆಯುವಳು, ಆಕಳಿಸುತ್ತಲೇ ಎಳೆಯುವಳು. "ಈಗ ಎಳೆದ್ಯಾ?" ಎಂದು ಯಾರಾದರೂ ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಭಟ್ಟಿಗೆ ಸೌದೆ ಹಾಕುತ್ತಿದ್ದವನು ಅವಳ ಗಂಡ. ಅವನು ಮುಂದೆ ಬಂದು ನಿಂತರೆ ಮೊದಲು ಹೊಗೆಯ ವಾಸನೆ ಬರುತ್ತಿತ್ತು, ಆಮೇಲೆ ಅವನ ನಗು. ಒಳ್ಳೆ ತಮಾಷೆಯ ಮನುಷ್ಯ. ಆದರೆ ಯಾವುದೋ ಒಂದು ಚಳಿಗಾಲದಿಂದ ಆ ನಗುವಿನ ಬಾಲಕ್ಕೆ ಕೆಮ್ಮು ಕಟ್ಟಿಕೊಂಡಿತು. ನಕ್ಕರೆ ಕೆಮ್ಮು, ಮೆಟ್ಟಿಲು ಹತ್ತಿದರೆ ಕೆಮ್ಮು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೆಮ್ಮು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಹೊಗೆ ಬಿಟ್ಟುಬಿಡ್ಬೇಕಪ್ಪ ನೀನು" ಎಂದರು.

"ನಾನು ಬಿಡ್ತೀನಿ ಡಾಕ್ಟ್ರೇ, ಅದು ನನ್ನ ಬಿಡ್ಬೇಕಲ್ಲ. ಸೇದೋನಾದ್ರೆ ಆರಿಸಿ ಬಿಸಾಕಬಹುದು. ಭಟ್ಟೀನ ಎಲ್ಲಿ ಬಿಸಾಕ್ಲಿ?"

"ಬೇರೆ ಕೆಲಸ ನೋಡ್ಕೋ. ಹೀಗೇ ಇನ್ನೊಂದಷ್ಟು ವರ್ಷ ಹೋದ್ರೆ ಎದೆ ಮತ್ತೆ ಸರಿ ಮಾಡೋಕೆ ಬರಲ್ಲ."

ಬೇರೆ ಕೆಲಸ ಅಷ್ಟು ಸುಲಭಕ್ಕೆ ಎಲ್ಲಿತ್ತು? ಮಾರನೆಯ ದಿನ ಅವನು ಎಂದಿನಂತೆ ಭಟ್ಟಿಯ ಮುಂದೆ ಕೂತ. ಅಕ್ಕ ಎಂದಿನಂತೆ ಹಗ್ಗಗಳ ಸಾಲಿಗೆ ಹೋದಳು. ಆದರೆ ಡಾಕ್ಟರ ಮಾತು ಅವಳ ತಲೆಯಿಂದ ಹೋಗಲಿಲ್ಲ. ಅದನ್ನು ಅವಳು ಹೇಳಿಕೊಂಡದ್ದು ತಮ್ಮನ ಹತ್ತಿರ.

ತಮ್ಮನನ್ನು ಊರೆಲ್ಲ ಐಸು ಎನ್ನುತ್ತಿತ್ತು. ಫ್ರಿಜ್ಜು ರಿಪೇರಿ ಅವನ ಕಸುಬು. ಅಂಗಡಿ ತುಂಬ ಬಾಗಿಲು ಕಿತ್ತ ಫ್ರಿಜ್ಜುಗಳು ಸಾಲಾಗಿ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದವು. ತಾಯಿ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು. ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಒಣಗುಮನೆಯ ಕೆಲಸ ಕಲಿತವಳು. ಕೋಣೆಗಳ ಸಾಲಿನಲ್ಲಿ ಅಂಬೆಗಾಲಿಟ್ಟು, ನೇತಾಡುವ ಹಗ್ಗ ಹಿಡಿದು ಎದ್ದು ನಿಲ್ಲಲು ಕಲಿತವನು ಅವನು. ಭಾವನ ಕೆಮ್ಮಿನ ವಿಷಯ ಕೇಳಿ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅಕ್ಕನ ಅಡುಗೆಮನೆಯಲ್ಲಿ ಬಂದು ಕೂತು, "ಬೆಂಕೀನೇ ಇಲ್ದೆ ಹಣ್ಣು ಒಣಗಿಸೋ ಮೆಷಿನ್ ಮಾಡ್ತೀನಿ" ಎಂದ.

"ಏನಿಟ್ಟು ಮಾಡ್ತೀಯ?"

"ಫ್ರಿಜ್ಜಿಟ್ಟು."

ಅಕ್ಕ ಸೌಟು ಕೆಳಗಿಟ್ಟಳು. "ಫ್ರಿಜ್ಜಲ್ಲಿಟ್ರೆ ಹಣ್ಣು ತಣ್ಣಗಾಗುತ್ತೆ ಕಣೋ. ಅಷ್ಟು ನನಗೂ ಗೊತ್ತು."

"ಫ್ರಿಜ್ಜಿನ ಬೆನ್ನು ಮುಟ್ಟಿ ನೋಡಿದ್ದೀಯಾ ಯಾವತ್ತಾದ್ರೂ?"

"ಬಿಸಿ ಇರುತ್ತೆ."

"ಮತ್ತೆ? ಒಳಗಿನ ಶಾಖ ಎತ್ಕೊಂಡು ಹೋಗಿ ಬೆನ್ನಿಗೆ ಹಾಕುತ್ತೆ." ಅವನು ಐಸು ಹಾಕಿದ ನೀರಿನ ಲೋಟವನ್ನು ಅವಳ ಮುಂದೆ ಸರಿಸಿದ. ಲೋಟದ ಹೊರಮೈ ಹನಿಯೊಡೆದಿತ್ತು. "ಇದು ಸೋರ್ತಿದೆಯಾ? ಇಲ್ಲ. ಗಾಳೀಲಿದ್ದ ಪಸೆ ಬಂದು ಅಂಟ್ಕೊಂಡಿದ್ದು. ನಿನ್ನ ಕೋಣೆಯ ಒದ್ದೆ ಗಾಳೀನ ಹೀಗೇ ಒಂದು ತಣ್ಣನೆ ಕೊಳವೆ ಮೇಲೆ ಹಾಯಿಸ್ತೀನಿ. ನೀರು ಅಲ್ಲೇ ಹನಿಯಾಗಿ ಇಳಿದು ಪೈಪಲ್ಲಿ ಆಚೆ ಹೋಗುತ್ತೆ. ಒಣಗಿದ ಗಾಳಿ ಮುಂದೆ ಬಿಸಿ ಕೊಳವೆ ಮೇಲೆ ಹಾಯ್ದು ಕಾದು, ಮತ್ತೆ ಹಣ್ಣಿನ ಹತ್ರಕ್ಕೇ ಬರುತ್ತೆ. ಅದೇ ಗಾಳಿ, ಅದೇ ಶಾಖ, ಸುತ್ತಿ ಸುತ್ತಿ ಬರುತ್ತೆ. ನೀರು ಮಾತ್ರ ಆಚೆಗೆ."

"ಕರೆಂಟು ಉಣ್ಣಲ್ವ ಅದು?"

"ಬರೀ ಹೀಟರ್ ಇಟ್ರೆ ಉಣ್ಣುತ್ತೆ, ಬಕಾಸುರನ ಹಾಗೆ. ಇದು ಶಾಖ ಹುಟ್ಟಿಸಲ್ಲ ಅಕ್ಕಾ, ಇರೋದನ್ನ ಹೊತ್ತು ಹಾಕುತ್ತೆ ಅಷ್ಟೆ. ಕೂಲಿ ಕಮ್ಮಿ. ಹೀಟ್ ಪಂಪ್ ಅಂತಾರೆ."

ಒಳಗೆ ತುಂಬುವ ಗ್ಯಾಸಿನ ಬಗ್ಗೆಯೂ ಹೇಳಿದ. ಹಳೆಯ ಫ್ರಿಜ್ಜುಗಳ ಗ್ಯಾಸು ಸೋರಿದರೆ ಆಕಾಶಕ್ಕೇರಿ ಭೂಮಿಗೇ ಕಂಬಳಿ ಹೊದಿಸಿದಂತೆ ಮಾಡಿ ಬಿಸಿ ಏರಿಸುತ್ತದೆ. ತನಗೆ ಅದು ಬೇಡ, ಪ್ರೊಪೇನ್ ಹಾಕುತ್ತೇನೆ ಎಂದ. ಅಡುಗೆ ಗ್ಯಾಸಿನ ಜಾತಿಯದು, ಆಕಾಶಕ್ಕೆ ಅಷ್ಟು ಕೇಡಿಲ್ಲ. ಆದರೆ ಹತ್ತಿಕೊಳ್ಳುವ ಗುಣವಿದೆ, ಅದಕ್ಕೇ ತೀರಾ ಸ್ವಲ್ಪ ತುಂಬಿ, ಕಂಪ್ರೆಸರನ್ನು ಕೋಣೆಯ ಹೊರಗೆ ಗಾಳಿ ಆಡುವ ಕಡೆ ಇಡಬೇಕು.

"ಅಂದ್ರೆ ಹಣ್ಣು ಒಣಗದಿದ್ರೂ ಅಡುಗೆ ಆಗುತ್ತೆ ಅನ್ನು," ಎಂದ ಗಂಡ, ಹೊಸ್ತಿಲಲ್ಲಿ ನಿಂತು. ನಕ್ಕ. ಆಮೇಲೆ ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಅಕ್ಕ, ತಮ್ಮ ಇಬ್ಬರೂ ಲೋಟವನ್ನೇ ನೋಡುತ್ತ ಕೂತರು.

ಯಜಮಾನರು ಕೆಟ್ಟವರಲ್ಲ. ಸೌದೆಯ ಖರ್ಚು ಅವರಿಗೂ ಭಾರವಾಗಿತ್ತು. ಸಾಲಿನ ಕೊನೆಯ ಕೋಣೆಯನ್ನೂ ಒಂದು ಲೋಡು ಅಂಜೂರವನ್ನೂ ಕೊಡಲು ಒಪ್ಪಿದರು. "ಇದು ಗೆದ್ರೆ ಭಟ್ಟಿ ಆರಿಸಿಬಿಡೋಣ. ನಿನ್ನ ಭಾವನ್ನ ಗೇಟಿಗೆ ಹಾಕ್ತೀನಿ. ಕುರ್ಚಿ ಮೇಲೆ ಕೂತು ಬಂದೋರಿಗೆ ತಮಾಷೆ ಹೇಳ್ಲಿ, ಅದೇ ಕೆಲಸ," ಎಂದರು. ಅಕ್ಕ ಆ ಕುರ್ಚಿಯನ್ನು ಮನಸ್ಸಿನಲ್ಲೇ ನೆರಳಿಗೆ ಎಳೆದು ಹಾಕಿದಳು, ಬೆನ್ನಿಗೊಂದು ದಿಂಬನ್ನೂ ಇಟ್ಟಳು.

ತಮ್ಮ ತಿಂಗಳುಗಟ್ಟಲೆ ದುಡಿದ. ಹಳೆಯ ಫ್ರಿಜ್ಜುಗಳ ಕೊಳವೆ ಸುರುಳಿಗಳನ್ನು, ಅವನ ಮಾತಿನಲ್ಲಿ ಕಾಯಿಲುಗಳನ್ನು, ಬಿಚ್ಚಿ ಬೆಸೆದ, ಗೋಡೆಗೆ ಫ್ಯಾನು ಕೂರಿಸಿದ, ನೆಲದಡಿಯ ಕಾಲುವೆಯನ್ನು ಆ ಕೋಣೆಗೆ ಬಾರದಂತೆ ಇಟ್ಟಿಗೆಯಿಟ್ಟು ಮುಚ್ಚಿದ. ಬಾಗಿಲ ಸುತ್ತ ರಬ್ಬರು ಅಂಟಿಸಿದ, ಒಳಗೆ ನೋಡಲು ಬಾಗಿಲಿಗೊಂದು ಗಾಜು ಹಾಕಿದ. ಮಾಡಿನ ಕಿಂಡಿಯ ಅಂಚಿಗೆ ದಪ್ಪ ಬಟ್ಟೆ ಹಾಸಿ ಮುಚ್ಚಳ ಬಿಗಿಯಾಗಿ ಕೂರುವಂತೆ ಮಾಡಿದ. ಹಗ್ಗವನ್ನು ಮಾತ್ರ ಬಿಚ್ಚಲಿಲ್ಲ. ಅದು ಅವನ ಕಣ್ಣಿಗೇ ಬೀಳಲಿಲ್ಲ. ನಡೆಯಲು ಕಲಿತ ದಿನದಿಂದ ಅಲ್ಲೇ ನೇತಾಡುತ್ತಿದ್ದ ಹಗ್ಗ, ಅವನ ಪಾಲಿಗೆ ಗೋಡೆಯದೇ ಒಂದು ತುಂಡು.

ಮೆಷಿನ್ ಓಡತೊಡಗಿದ ದಿನ ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಪೈಪಿನ ತುದಿಗೆ ತಮ್ಮ ಒಂದು ಬಕೆಟ್ಟು ಇಟ್ಟ. ಕೆಲಸದವರೆಲ್ಲ ಬಂದು ನೋಡಿದರು. "ಫ್ರಿಜ್ಜಲ್ಲಿ ಹಣ್ಣು ಒಣಗಿಸ್ತಾನಂತೆ, ನಾಳೆ ಭಟ್ಟೀಲಿ ಐಸ್ ಮಾಡ್ತಾನೆ," ಎಂದ ಲಾರಿ ಡ್ರೈವರ್. "ಮಾಡಿದ್ರೆ ಮೊದಲ ತುಂಡು ನಿನ್ನ ತಲೆ ಮೇಲೇ ಇಡ್ತೀನಿ ಬಾ. ಸ್ವಲ್ಪ ತಣ್ಣಗಾಗ್ಲಿ," ಎಂದ ತಮ್ಮ. ಮೊದಲ ಹನಿ ಬಕೆಟ್ಟಿಗೆ ಬಿದ್ದಾಗ ಅವನ ಮುಖ ನೋಡಬೇಕಿತ್ತು. ಅಕ್ಕ ನೋಡಿದಳು. ಅಂಬೆಗಾಲು ಬಿಟ್ಟು ಎದ್ದು ನಿಂತ ದಿನವೂ ಅವನ ಮುಖ ಹಾಗೇ ಇತ್ತು.

ಆದರೆ ಹೊಟ್ಟೆಪಾಡು ಬಿಡುತ್ತದೆಯೇ? ಮಾಂಸದಂಗಡಿಯೊಂದರ ತಣ್ಣನೆ ಕೋಣೆ ಕೆಟ್ಟಿದೆ, ಬಾ ಎಂದು ಕರೆ ಬಂತು. ಹೊರಡುವಾಗ ಅಕ್ಕನ ಕೈ ಹಿಡಿದು ಹೇಳಿದ: "ಬಾಗಿಲು ಮಾತ್ರ ಯಾರೂ ತೆಗೀಬಾರ್ದು ಅಕ್ಕಾ. ಒಳಗಿನ ಗಾಳಿ ಒಳಗೇ ಇರ್ಬೇಕು. ನಿನ್ನ ನಂಬಿ ಹೋಗ್ತಿದೀನಿ."

"ಹೋಗೋ. ಇರುವೆ ಕೂಡ ನುಸುಳಲ್ಲ."

ಮಾತು ಕೊಟ್ಟಂತೆಯೇ ನಡೆದುಕೊಂಡಳು. ಬಾಗಿಲ ಮುಂದೆ ಸ್ಟೂಲು ಅಡ್ಡ ಇಟ್ಟಳು. ಕುತೂಹಲಕ್ಕೆಂದು ಚಿಲಕಕ್ಕೆ ಕೈ ಹಾಕಲು ಬಂದ ಪ್ಯಾಕಿಂಗಿನವಳಿಗೆ, "ಕೈ ತೆಗಿ, ನಮ್ಮ ತಮ್ಮನ ಮೆಷಿನ್ ಅದು" ಎಂದು ಗದರಿದಳು. ಯಜಮಾನರೇ ಬಂದು "ಒಂಚೂರು ನೋಡ್ಲಾ?" ಎಂದಾಗಲೂ, "ಗಾಜಲ್ಲೇ ನೋಡಿ ಯಜಮಾನ್ರೇ" ಎಂದಳು. ಬಾಗಿಲಿಗೆ ಅವಳಿಗಿಂತ ನಿಯತ್ತಿನ ಕಾವಲು ಬೇರೆ ಸಿಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಜು ಒಳಗಿನಿಂದ ಬೆವರಿತು. ಅಕ್ಕ ಬಾಗಿಲ ಸಂದಿಗೆ ಕೆನ್ನೆ ಕೊಟ್ಟಳು. ರಬ್ಬರಿತ್ತಲ್ಲ, ಒಂದು ಎಳೆ ಗಾಳಿಯೂ ಬರಲಿಲ್ಲ. ಕಂಬಳಿಯಲ್ಲಿ ತಲೆವರೆಗೆ ಮುಚ್ಚಿಟ್ಟ ಮಗುವನ್ನು ನೋಡಿದಂತೆ ಅವಳಿಗೆ ಚಡಪಡಿಕೆಯಾಯಿತು. ಪಕ್ಕದ ಕೋಣೆಗಳಲ್ಲಿ ಭಟ್ಟಿಯ ಕೆಲಸ ಎಂದಿನಂತೆ ನಡೆದೇ ಇತ್ತು. ಅವಳು ಸಾಲಿನ ಆ ತುದಿಯಿಂದ ಹೊರಟು, ಮೊದಲ ಹಗ್ಗ ಎಳೆದು ಬಿಟ್ಟಳು, ಎರಡನೆಯದು ಎಳೆದು ಬಿಟ್ಟಳು, ಹಾಗೇ ಬರುತ್ತ ಬರುತ್ತ ಕೊನೆಯ ಕೋಣೆಯ ಮುಂದೆ ಬಂದಾಗ ಅವಳ ಕೈ ಆ ಹಗ್ಗಕ್ಕೂ ಹೋಯಿತು. ಎಳೆಯಿತು, ಹಿಡಿಯಿತು, ಬಿಟ್ಟಿತು. ಎದೆ ಹಗುರಾಯಿತು. ಸ್ಟೂಲಿನ ಮೇಲೆ ಕೂತು ಬಾಗಿಲು ಕಾಯತೊಡಗಿದಳು.

ಮತ್ತೊಂದು ಸುತ್ತು ಹೋದಾಗ ಮತ್ತೆ ಎಳೆದಳು. ಮಾರನೆಯ ದಿನವೂ ಅಷ್ಟೇ. ಪ್ರತಿ ಸಲವೂ ಮೆಷಿನ್ ಒಳಗೆ ಕೂಡಿಟ್ಟ ಶಾಖವೆಲ್ಲ ಮಾಡಿನಿಂದ ಆಚೆ ಹಾರಿಹೋಯಿತು, ಮಳೆಗಾಲದ ಒದ್ದೆ ಗಾಳಿ ಒಳಕ್ಕೆ ಇಳಿಯಿತು. ಮೆಷಿನ್ ಮೊದಲಿಂದ ಶುರು ಮಾಡಿತು. ಪಾಪದ ಯಂತ್ರ, ಅದಕ್ಕೆ ಬಾಯಿದ್ದರೆ ಹೇಳುತ್ತಿತ್ತು.

ತಮ್ಮ ಹಿಂತಿರುಗಿ ಬಾಗಿಲು ತೆಗೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಅಂಜೂರಗಳ ಮೇಲೆ ಬೂದು ಬೂಸ್ಟು. ಬಕೆಟ್ಟಿನಲ್ಲಿ ಮುಖ ತೊಳೆಯುವಷ್ಟು ನೀರೂ ಇರಲಿಲ್ಲ. ಅವನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಬಾಗಿಲು ಯಾರಾದ್ರೂ ತೆಗೆದ್ರಾ ಅಕ್ಕಾ?"

"ನನ್ನ ಕಣ್ಣಾಣೆ, ಒಬ್ರೂ ಮುಟ್ಟಿಲ್ಲ."

"ಬೇರೇನಾದ್ರೂ ಆಯ್ತಾ? ಕರೆಂಟು ಹೋಯ್ತಾ?"

"ಇಲ್ಲಪ್ಪ. ಏನೂ ಆಗ್ಲಿಲ್ಲ."

ಅವಳು ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಏನೂ ಆಗಿರಲಿಲ್ಲ. ಅವನು ಕೋಣೆಯೊಳಗೆ ಹೋಗಿ ಮಾಡು ನೋಡಿದ. ಮುಚ್ಚಳ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿತ್ತು. ಸೋಪಿನ ನೀರು ಹಚ್ಚಿ ಬೆಸುಗೆ ಬೆಸುಗೆಯನ್ನೂ ಪರೀಕ್ಷಿಸಿದ, ಎಲ್ಲೂ ಗುಳ್ಳೆ ಏಳಲಿಲ್ಲ, ಗ್ಯಾಸು ಸೋರಿರಲಿಲ್ಲ. ಕೊನೆಗೆ, "ಕಾಯಿಲ್ ಸಾಲ್ಲಿಲ್ಲ ಅನ್ಸುತ್ತೆ. ಲೆಕ್ಕಾನೇ ತಪ್ಪು ಹಾಕಿದೀನಿ" ಎಂದು ತನಗೆ ತಾನೇ ಹೇಳಿಕೊಂಡ. ಯಜಮಾನರು ಹಣ್ಣಿನ ಮೇಲೆ ಬೆರಳಾಡಿಸಿ ಮೂಸಿದರು. "ತಪ್ಪು ತಿಳ್ಕೋಬೇಡಪ್ಪ. ಹಂಗಾಮು ಶುರುವಾಗಿದೆ, ಇನ್ನೊಂದು ಸಲ ಆಟ ಆಡೋಕಾಗಲ್ಲ," ಎಂದರು. ಅಂಜೂರ ದನಗಳಿಗೆ ಹೋಯಿತು. ಕಾಲುವೆಗಿಟ್ಟ ಇಟ್ಟಿಗೆ ಕಿತ್ತು ಆ ಕೋಣೆಗೂ ಭಟ್ಟಿಯ ಬಿಸಿ ಬಿಟ್ಟರು.

ಆ ಸಂಜೆ ತಮ್ಮ ಮೆಷಿನ್ ಬಿಚ್ಚುತ್ತಿದ್ದಾಗ ಅಕ್ಕ ಟೀ ತಂದುಕೊಟ್ಟಳು. ಅವಳಿಗೆ ಸಂಕಟವಿತ್ತು, ನಿಜ. ಗೇಟಿನ ಹತ್ತಿರದ ಕುರ್ಚಿ ಹೋಯಿತಲ್ಲ. ಆದರೆ ಆ ಸಂಕಟದ ಅಡಿಯಲ್ಲಿ, ಯಾರಿಗೂ ಹೇಳಿಕೊಳ್ಳಲಾಗದಷ್ಟು ಸಣ್ಣದಾಗಿ, ಒಂದು ನೆಮ್ಮದಿಯೂ ಇತ್ತು. ಕೆನ್ನೆ ಇಲ್ಲದೆ, ಕೈ ಇಲ್ಲದೆ ಹಣ್ಣು ಒಣಗುವುದಿಲ್ಲ ಎಂದಾಯಿತಲ್ಲ. ತಮ್ಮನ ಬೆನ್ನು ಸವರಿ, ಸಮಾಧಾನ ಮಾಡುವ ಹಾಗೆ ಅಂದಳು: "ಹೋಗ್ಲಿ ಬಿಡೋ. ದೊಡ್ಡದಕ್ಕೆಲ್ಲ ಕೈ ಹಾಕ್ಬೇಡ. ನಿನಗೆ ಬರೋದು ಫ್ರಿಜ್ಜು ರಿಪೇರಿ, ಅದನ್ನೇ ಮಾಡ್ಕೊಂಡು ತಣ್ಣಗಿರು."

ಅವನು ಸ್ಪ್ಯಾನರು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, "ಹೂಂ" ಎಂದ. ಆಮೇಲೆ ಉಳಿದ ಬೋಲ್ಟುಗಳನ್ನೂ ಬಿಚ್ಚಿದ.

ಅಕ್ಕ ಹೇಳಿದಂತೆಯೇ ಅವನು ತಣ್ಣಗಾದ. ಕಾಯಿಲುಗಳನ್ನು ಗುಜರಿಗೆ ಹಾಕಿದ. ಮೊದಲೆಲ್ಲ ಬಂದರೆ ಸಾಕು, ಯಾವ ಮೆಷಿನ್ ಹೇಗೆ ಓಡುತ್ತದೆ, ಅದನ್ನು ಬದಲಿಸಿದರೆ ಏನಾಗುತ್ತದೆ ಎಂದು ತಲೆ ತಿನ್ನುತ್ತಿದ್ದವನು, ಈಗ ಬಂದರೆ ಮಳೆ ಬೆಳೆ, ನೆಂಟರಿಷ್ಟರ ಸುದ್ದಿ ಮಾತಾಡಿ ಹೋಗುವನು. ಯಾರಾದರೂ ಹೊಸದೇನಾದರೂ ಮಾಡಿಕೊಡು ಎಂದು ಅಂಗಡಿಗೆ ಬಂದರೆ, "ನನಗೆ ಅಷ್ಟೆಲ್ಲ ಬರಲ್ಲ ಸ್ವಾಮಿ. ಫ್ರಿಜ್ಜು ಕೆಟ್ಟಿದ್ರೆ ತನ್ನಿ" ಎನ್ನುವನು.

ಭಟ್ಟಿ ಉರಿಯಿತು. ವರ್ಷದ ಮೇಲೆ ವರ್ಷ ಉರಿಯಿತು. ಅಕ್ಕನ ಗಂಡ ಮೊದಲು ಸೌದೆಯ ದೊಡ್ಡ ತುಂಡುಗಳನ್ನು ಬಿಟ್ಟ, ಆಮೇಲೆ ಸಣ್ಣ ತುಂಡುಗಳನ್ನು. ನಡುನಡುವೆ ಗೋಡೆ ಹಿಡಿದು ನಿಲ್ಲತೊಡಗಿದ. ಯಾರಾದರೂ ನೋಡಿದರೆ, "ಗೋಡೆ ಬೀಳುತ್ತೇನೋ ಅಂತ ಒತ್ತು ಕೊಟ್ಟಿದೀನಿ" ಎನ್ನುವನು. ಕೊನೆಗೊಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಂಡವನು ಅಲ್ಲೇ ಕೂತುಬಿಟ್ಟ. ಮತ್ತೆ ಕಾರ್ಖಾನೆಗೆ ಹೋಗಲಿಲ್ಲ. ಭಟ್ಟಿಗೆ ಬೇರೆಯವನು ಬಂದ. ಇವನು ಹಾಸಿಗೆಯ ಮೇಲೆ ದಿಂಬುಗಳನ್ನು ಒಟ್ಟಿಕೊಂಡು ಕೂತೇ ನಿದ್ದೆ ಮಾಡಬೇಕಾಯಿತು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ತಮಾಷೆ ಬಿಡಲಿಲ್ಲ, ಗಿಡ್ಡ ಮಾಡಿಕೊಂಡ. ಒಂದೇ ಉಸಿರಿನಲ್ಲಿ ಮುಗಿಯುವಂಥದ್ದನ್ನು ಮಾತ್ರ ಹೇಳುವನು.

ಹೀಗಿರುತ್ತ ಯಜಮಾನರ ಕಾಲ ಮುಗಿದು ಮಗಳು ಕಾರ್ಖಾನೆ ನೋಡಿಕೊಳ್ಳತೊಡಗಿದಳು. ಅವಳು ಹೊರಗಿನ ಕಂಪನಿಯೊಂದರಿಂದ ಒಣಗಿಸುವ ಯಂತ್ರ ತರಿಸಿದಳು. ಹೊಳೆಯುವ ಉಕ್ಕಿನ ದೊಡ್ಡ ಪೆಟ್ಟಿಗೆ. ಕಂಪನಿಯಿಂದ ಬಂದ ಮೆಕ್ಯಾನಿಕ್ಕು ಕನ್ನಡಕದ ನಗುಮುಖದವನು. ಇನ್ನು ಮುಂದೆ ಅದನ್ನು ನಡೆಸಬೇಕಾದವಳು ಅಕ್ಕನೇ ಎಂದು ತಿಳಿದು, ಅವಳನ್ನು ಪಕ್ಕ ನಿಲ್ಲಿಸಿಕೊಂಡು ಒಂದೊಂದೇ ವಿವರಿಸಿದ. ತಣ್ಣನೆ ಕೊಳವೆ. ಬಿಸಿ ಕೊಳವೆ. ಅದೇ ಗಾಳಿ ಸುತ್ತಿ ಸುತ್ತಿ ಬರುವುದು. ಪ್ರೊಪೇನ್ ಗ್ಯಾಸು, ಆಕಾಶಕ್ಕೆ ಕೇಡಿಲ್ಲದ್ದು. ಅಕ್ಕ ತಲೆಯಾಡಿಸಿದಳು. ಇದೆಲ್ಲ ಅವಳು ಅಡುಗೆಮನೆಯಲ್ಲಿ ಕೇಳಿದ್ದ ಮಾತೇ. ಅಂದಿನದು ಸೋತಿತು, ಕಂಪನಿಯವರದು ದೊಡ್ಡದು, ಗೆದ್ದೀತು ಎಂದುಕೊಂಡಳು ಅಷ್ಟೆ.

ಯಂತ್ರ ಓಡಿತು. ಸ್ವಲ್ಪ ಹೊತ್ತಿಗೆ ಬಾಗಿಲ ಗಾಜು ಒಳಗಿನಿಂದ ಬೆವರಿತು. ಅಕ್ಕನ ಬಲಗೈ ತಾನಾಗಿ ಮೇಲೆದ್ದು ಬಾಗಿಲ ಪಕ್ಕದ ಗಾಳಿಯಲ್ಲಿ ಏನನ್ನೋ ತಡಕಿತು.

"ಏನಮ್ಮಾ ಹುಡುಕ್ತಿದೀರಿ?" ಎಂದ ಮೆಕ್ಯಾನಿಕ್ಕು.

"ಹಗ್ಗ."

"ಯಾವ ಹಗ್ಗ?"

"ಕಿಂಡೀದು. ಗಾಜು ಬೆವರ್ತಿದೆಯಲ್ಲಪ್ಪ. ಆವಿ ಬಿಡ್ಬೇಕು."

ಅವನು ನಕ್ಕ, ಕುಹಕವಿಲ್ಲದ ನಗು. "ಇದಕ್ಕೆ ಕಿಂಡಿ ಇಲ್ಲಮ್ಮಾ. ಮೊದಮೊದಲು ಗಾಜು ಬೆವರೋದು ಸಹಜ, ಹೆದರ್ಬೇಡಿ. ಇದಕ್ಕೆ ಕಿಂಡಿ ತೆಗೆಯೋದೂ ಒಂದೇ, ಬಾಗಿಲು ತೆಗೆಯೋದೂ ಒಂದೇ. ಅವಾಗವಾಗ ತೆಗೀತಾ ಇದ್ರೆ ಹಣ್ಣು ಹುಳಿಯಾಗಿ ಬೂಸ್ಟು ಹಿಡಿಯುತ್ತೆ. ಬೇರೆ ಒಂದು ಕಡೆ ಹಾಗೇ ಮಾಡಿ ಮೆಷಿನ್ನೇ ಸರಿಯಿಲ್ಲ ಅಂತ ನಮಗೆ ಬೈದಿದ್ರು."

ಅಕ್ಕನ ಕೈ ಇನ್ನೂ ಮೇಲೇ ಇತ್ತು. ಅದನ್ನು ಕೆಳಗಿಳಿಸಬೇಕು ಎನ್ನುವುದು ಅವಳಿಗೆ ಮರೆತುಹೋಗಿತ್ತು. ಪೈಪಿನ ತುದಿಯಿಂದ ನೀರು ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ದಾರದಂತೆ ಎಳೆಯಾಗಿ ಮೋರಿಗೆ ಇಳಿಯತೊಡಗಿತು. ಅವಳು ಆ ನೀರನ್ನೇ ನೋಡುತ್ತ ನಿಂತಳು. "ಹುಷಾರಾಗಿದ್ದೀರಾ ಅಮ್ಮಾ?" ಎಂದು ಅವನು ಕೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು.

ಸಂಜೆ ಮನೆಗೆ ಹೋಗಲಿಲ್ಲ, ನೆಟ್ಟಗೆ ತಮ್ಮನ ಅಂಗಡಿಗೆ ಹೋದಳು. ಅವನೊಂದು ಫ್ರಿಜ್ಜಿನ ಬೆನ್ನಿಗೆ ಕೂತು ಬೆಸುಗೆ ಹಾಕುತ್ತಿದ್ದ. ತಲೆ ಎತ್ತಿ ಅಕ್ಕನ ಮುಖ ನೋಡಿದವನೇ ಬೆಂಕಿ ಆರಿಸಿದ.

"ಭಾವನಿಗೇನಾದ್ರೂ..."

"ಇಲ್ಲ, ಇಲ್ಲ." ಅವಳು ಖಾಲಿ ಡಬ್ಬದ ಮೇಲೆ ಕೂತಳು. "ಹಗ್ಗ ಎಳೆದಿದ್ದೆ ಕಣೋ."

"ಯಾವ ಹಗ್ಗ?"

"ನಿನ್ನ ಮೆಷಿನ್ ಕೋಣೇದು. ಕಿಂಡೀದು. ಎಲ್ಲಾ ಕೋಣೇದೂ ಎಳೀತಾ ಬರ್ತಿದ್ನಲ್ಲ, ಅದನ್ನೂ ಎಳೀತಿದ್ದೆ. ಅವತ್ತೂ, ಮಾರನೇ ದಿನಾನೂ. ಬಾಗಿಲು ಕಾಯ್ತಾ ಕೂತಿದ್ನೇ ಹೊರತು ಅದು ನನ್ನ ತಲೆಗೇ ಹೋಗ್ಲಿಲ್ಲ. ಇವತ್ತು ಆ ಕಂಪನಿಯವನು ಹೇಳಿದ ಮೇಲೆ ಗೊತ್ತಾಯ್ತು."

ಬೈದಾನು ಎಂದುಕೊಂಡಳು, ಬೈದರೆ ಒಳ್ಳೆಯದಿತ್ತು.

"ಎಷ್ಟಗಲ ಏಳ್ತಿತ್ತು ಮುಚ್ಚಳ?"

"ಪೂರ್ತಿ."

"ಎಷ್ಟು ಸಲ?"

"ಸುತ್ತು ಹೋದಾಗಲೆಲ್ಲ."

ಅವನ ತುಟಿ ಅಲುಗಿತು, ಏನೋ ಲೆಕ್ಕ ಹಾಕುತ್ತಿದ್ದ. ಹಾಕುತ್ತ ಹಾಕುತ್ತ ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಅವಳು ಕಾಣದಿದ್ದ ಒಂದು ಬೆಳಕು ಬಂತು.

"ಹಂಗಿದ್ರೆ ಕಾಯಿಲ್ ಸಾಕಾಗ್ತಿತ್ತು," ಎಂದ. "ಲೆಕ್ಕ ಸರಿಯಾಗೇ ಇತ್ತು ಅಕ್ಕಾ."

"ಸರಿಯಾಗೇ ಇತ್ತು."

"ನಾನು ಮಾಡಿದ್ದು ಸರಿಯಿತ್ತು."

ಆ ಬೆಳಕು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನು ಸುತ್ತಲಿನ ಫ್ರಿಜ್ಜುಗಳ ಸಾಲನ್ನು ನೋಡಿದ, ತನ್ನ ಕೈ ನೋಡಿಕೊಂಡ. ಕೂದಲು ನೆರೆತಿತ್ತು, ಕನ್ನಡಕವಿಲ್ಲದೆ ಬೆಸುಗೆ ಕಾಣುತ್ತಿರಲಿಲ್ಲ. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ತಿರುಗಿ ಬಂದಾಗ ಒಂದೇ ಮಾತು ಕೇಳಿದ: "ಭಾವನಿಗೆ ಹೇಳಿದ್ಯಾ?"

"ಇಲ್ಲ. ಹೆಂಗೆ ಹೇಳ್ಲಿ?"

"ನನಗೆ ಹೇಳಿದಂಗೇ ಹೇಳು."

"ನಿನಗೆ ಅವತ್ತು ಏನೇನೋ ಅಂದುಬಿಟ್ಟೆ. ಫ್ರಿಜ್ಜು ರಿಪೇರಿ ಮಾಡ್ಕೊಂಡಿರು ಅಂತ. ಅದನ್ನ ಮರೆತುಬಿಡೋ."

"ಮರೆತಿದ್ದೆ," ಎಂದ ಅವನು. ಆ ಮಾತು ನಿಜವಲ್ಲ ಎಂದು ಅಕ್ಕನಿಗೆ ಗೊತ್ತಾಯಿತು. ಸಾಕಿದವಳಲ್ಲವೇ.

ಮನೆಯಲ್ಲಿ ಗಂಡ ದಿಂಬುಗಳಿಗೊರಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅಕ್ಕ ಮಂಚದ ತುದಿಯಲ್ಲಿ ಕೂತು, ನೆಲ ನೋಡುತ್ತ, ತಮ್ಮನಿಗೆ ಹೇಳಿದಂತೆಯೇ ಎಲ್ಲವನ್ನೂ ಹೇಳಿದಳು. ಮೆಷಿನ್ ಗೆದ್ದಿರುತ್ತಿತ್ತು, ಭಟ್ಟಿ ಅಂದೇ ಆರುತ್ತಿತ್ತು, ನಿಮ್ಮ ಎದೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದಳು. ಹೇಳಿ ಮುಗಿಸಿದ ಮೇಲೆ ಕೋಣೆಯಲ್ಲಿ ಅವನ ಉಸಿರಿನ ಸದ್ದೊಂದೇ ಉಳಿಯಿತು. ಒಳಕ್ಕೆ ಹೋಗುವಾಗ ಸಣ್ಣ ಸಿಳ್ಳು, ಹೊರಕ್ಕೆ ಬರುವಾಗ ಇನ್ನೂ ಸಣ್ಣದು.

"ಏನಾದ್ರೂ ಅನ್ನಿ," ಎಂದಳು. "ಬೈದುಬಿಡಿ ರೀ."

ಅವನು ಅವಳ ಕಡೆ ತಿರುಗಿದ. ನಗಲು ನೋಡಿದ.

"ಬೈಯೋಕೂ," ಎಂದು ನಿಂತ. ಉಸಿರು ಎಳೆದುಕೊಂಡ. "ಉಸಿರು ಬೇಕಲ್ಲೇ."

ಅದು ಅವನ ಎಂದಿನ ತಮಾಷೆಯೇ ಇರಬಹುದು. ಬೇರೆ ಯಾರಾದರೂ ಕೇಳಿದ್ದರೆ ನಗುತ್ತಿದ್ದರೇನೋ. ಅಕ್ಕ ಎದ್ದು ಅಡುಗೆಮನೆಗೆ ಹೋಗಿ, ಮಾಡುವುದಕ್ಕೆ ಏನೂ ಇಲ್ಲದಿದ್ದರೂ, ಪಾತ್ರೆಗಳನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟಳು. ಆ ಸಂಜೆ ಅವನು ಊಟಕ್ಕೆ ತಟ್ಟೆ ಕೊಟ್ಟರೆ ತೆಗೆದುಕೊಂಡ, ನೀರು ಕೊಟ್ಟರೆ ಕುಡಿದ. ಬೆಳಿಗ್ಗೆ ಎದ್ದವನು, "ಅವನ್ನ ಕರಿ" ಎಂದ. "ಭಾನುವಾರ ಬರ್ಲಿ."

ಭಾನುವಾರ ತಮ್ಮ ಬಂದ. ಇಬ್ಬರೂ ಆ ಹಳೆಯ ಮೆಷಿನ್ನಿನ ಮಾತೇ ಆಡಿದರು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಎತ್ತದಿದ್ದ ಮಾತು ಅದು. ತಮ್ಮ ಹಳೆಯ ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತ, ತಣ್ಣನೆ ಕೊಳವೆ ಇಲ್ಲಿ, ಬಿಸಿಯದು ಇಲ್ಲಿ, ಎಲ್ಲ ಕೋಣೆಗೂ ಒಂದೇ ಕಂಪ್ರೆಸರ್ ಸಾಕಾಗುತ್ತಿತ್ತು, ಇಂಥ ಕಡೆ ಕೂರಿಸುತ್ತಿದ್ದೆ ಎಂದು ತೋರಿಸಿದ. ಸಣ್ಣದರಲ್ಲೇ ಹೋದ ಮಗುವೊಂದು ಬದುಕಿದ್ದರೆ ಈಗ ಎಷ್ಟೆತ್ತರ ಇರುತ್ತಿತ್ತು ಎಂದು ಮಾತಾಡಿಕೊಳ್ಳುವವರ ಹಾಗೆ ಇಬ್ಬರೂ ಆ ಗೀಟುಗಳ ಮೇಲೆ ಬಗ್ಗಿದ್ದರು. ಅಕ್ಕ ಟೀ ತಂದಿಟ್ಟು ಬಾಗಿಲಲ್ಲಿ ನಿಂತಳು. "ಕೂತ್ಕೋ ಅಕ್ಕಾ" ಎಂದ ತಮ್ಮ. ಕೂತಳು.

"ನನ್ನ ಭಟ್ಟಿ ಇತ್ತಲ್ಲ," ಎಂದ ಗಂಡ, ಪ್ರಶ್ನೆಯೊಂದನ್ನು ಶುರು ಮಾಡಿ. "ಅದರ ಜಾಗದಲ್ಲಿ ನೀನು..."

ಅಲ್ಲಿಗೆ ನಿಂತಿತು. ಅವನು ಕೈಯೆತ್ತಿ, ಸ್ವಲ್ಪ ಇರಿ ಎಂಬಂತೆ ಸನ್ನೆ ಮಾಡಿ ಕಣ್ಣು ಮುಚ್ಚಿದ. ಪ್ರಶ್ನೆಯ ಉಳಿದ ಅರ್ಧಕ್ಕೆ ಬೇಕಾದ ಉಸಿರು ಕೂಡಿಬರುವ ತನಕ ಅಕ್ಕ, ತಮ್ಮ ಇಬ್ಬರೂ ಕಾದರು.